ಪೆನ್ನಿನ ಪರೀಕ್ಷೆ ಮತ್ತು ನನ್ನ ಹೆಬ್ಬೆರಳು

ಪರೀಕ್ಷೆ ಎಂದರೆ ನನಗೆ ಭಯವಿಲ್ಲ. ಎಂ.ಎ. ತನಕ ಬರೆದವನು! ಹಾಗಾಗಿ, ಹೊಸ ಇನ್ಸುಲಿನ್ ಪೆನ್ನೊಂದನ್ನು ಬಳಸಿ ನೋಡಲು ಸಕ್ಕರೆ ಕಾಯಿಲೆಯವರು ಬೇಕಾಗಿದ್ದಾರೆ ಎಂದು ಕೇಳಿದಾಗ, ಹೆಂಡತಿ ಸುಮತಿಯನ್ನು ಧೈರ್ಯವಾಗಿ ಕೋಟದ ಸಭಾಭವನಕ್ಕೆ ಕರೆದೊಯ್ದೆ.

ಅವಳಿಗೆ ಬೆರಳ ಗಂಟುಗಳಲ್ಲಿ ನೋವು. ಹಾಗಾಗಿ ದಿನವೂ ಸಿರಿಂಜಿನಲ್ಲಿ ಇನ್ಸುಲಿನ್ ಚುಚ್ಚುವವನು ನಾನು. ಬೈಂದೂರಿನಲ್ಲಿ ಅವಳ ತಂಗಿಯ ಮಗಳು ಹೆತ್ತಿದ್ದಳು. ಪೆನ್ನಿನಿಂದ ತಾನೇ ಚುಚ್ಚಿಕೊಳ್ಳುವಂತಾಗಿ ಬಾಣಂತನಕ್ಕೆ ಒಬ್ಬಳೇ ಹೋಗಬೇಕು, ನನ್ನಿಂದ ನಾಲ್ಕು ದಿನ ದೂರ ಇರಬೇಕು ಎಂಬುದು ಸುಮತಿಯ ಆಸೆ. ಎರಡರಲ್ಲಿ ಯಾವುದು ಮುಖ್ಯ ಎಂದು ನಾನು ಕೇಳಲು ಹೋಗಲಿಲ್ಲ.

ಕಂಪನಿಯ ಇಂಜಿನಿಯರ್ ಹುಡುಗಿ ನಗುತ್ತಾ ಹೇಳಿದಳು: "ನಾವು ಪರೀಕ್ಷೆ ಮಾಡುವುದು ಪೆನ್ನನ್ನು, ನಿಮ್ಮನ್ನಲ್ಲ. ಕಷ್ಟವಾದರೆ ಕಷ್ಟ ಅಂತಲೇ ಹೇಳಿ. ಜೊತೆಗೆ ಬಂದವರು ಸುಮ್ಮನೆ ಕೂತಿರಿ."

ಸುಮತಿ ಸ್ಪಂಜಿನ ತುಂಡಿಗೆ ಪೆನ್ನು ಚುಚ್ಚಿ ಗುಂಡಿ ಒತ್ತಿದಳು. ಗುಂಡಿ ಅಲುಗಲಿಲ್ಲ.

"ಹ್ವಾಯ್, ಇದ್ ಭಾರಿ ಗಟ್ಟಿ ಇತ್ತ್. ಒತ್ತುಕೇ ಆತಿಲ್ಲೆ ಕಾಣಿ!"

ನನಗೆ ಮೈಯೆಲ್ಲ ಮುಜುಗರ. ಪಾಪ, ಅಷ್ಟು ದೂರದಿಂದ ಬಂದ ಹುಡುಗಿ. ಊಟಕ್ಕೆ ಕೂತವರು ಬಡಿಸಿದವರ ಎದುರೇ ಸಾರಿಗೆ ಉಪ್ಪು ಜಾಸ್ತಿ ಎನ್ನುತ್ತಾರೆಯೇ? ನಾನು ಎದ್ದು ಹೋಗಿ ಬಗ್ಗಿದೆ. ಗುಂಡಿ ಒಳಗೆ ಹೋಯಿತು.

"ಬಹಳ ಸುಲಭ!" ಎಂದು ಘೋಷಿಸಿದೆ.

"ಒತ್ತಿದ್ದು ಯಾರು ಸರ್?"

"ಅವಳೇ!"

ಸುಳ್ಳು ಹೇಳುವ ಉದ್ದೇಶ ಇರಲಿಲ್ಲ. ನಾನು ಬರೀ ಅವಳ ಕೈ ಹಿಡಿದಿದ್ದೆ, ಒತ್ತಿದ್ದು ಅವಳೇ ಎಂದು ನನಗೆ ಸ್ಪಷ್ಟವಾಗಿ ನೆನಪಿತ್ತು. ಮೇಲೆ ಕ್ಯಾಮೆರಾ ಇದ್ದದ್ದು ಮಾತ್ರ ನೆನಪಿರಲಿಲ್ಲ. ಹುಡುಗಿ ವಿಡಿಯೋ ತೋರಿಸಿದಳು. ಪರದೆಯ ತುಂಬ ಒಂದು ದಪ್ಪ ಹೆಬ್ಬೆರಳು. ಸುಮತಿಯದಂತೂ ಅಲ್ಲ!

"ಎಂತಕ್ ಒತ್ತಿದ್ರಿ ನೀವು?" ಸುಮತಿ ಸಿಡುಕಿದಳು. "ನಾಳೆ ಬೈಂದೂರಿಗೆ ನಿಮ್ಮ್ ಹೆಬ್ಬೆರಳ್ ಕಡ್ದ್ ಚೀಲ್ದಗೆ ಹಾಯ್ಕಂಡ್ ಹೋಪುದಾ?"

ನನ್ನನ್ನು ಗೌರವಪೂರ್ವಕವಾಗಿ ಹೊರಗೆ ಕೂರಿಸಲಾಯಿತು. ಒಳಗೆ ಸುಮತಿ ಮತ್ತೆ ಒತ್ತಿದಳು. ಸೋತಳು. ಚಪ್ಪಾಳೆಯ ಸದ್ದು ಕೇಳಿತು! ಗುಂಡಿ ಗಟ್ಟಿ ಎಂದು ಇಷ್ಟು ಹೊತ್ತೂ ಯಾರೂ ಬಾಯಿಬಿಟ್ಟಿರಲಿಲ್ಲವಂತೆ. ಎಲ್ಲರೂ ನನ್ನಂಥ ಸಜ್ಜನರೇ.

ಹೊರಡುವಾಗ ಇಂಜಿನಿಯರ್ ಹುಡುಗಿಯ ಕ್ಷಮೆ ಕೇಳಿದೆ.

"ಅಯ್ಯೋ, ನಿಮ್ಮಿಂದ ಉಪಕಾರವೇ ಆಯಿತು ಸರ್. ಮನೆಯಲ್ಲಿ ಪೆನ್ನು ಬಳಸುವಾಗ ಏನೇನು ಅಪಾಯ ಎದುರಾಗಬಹುದು ಅಂತ ನಾವು ಗುರುತಿಸಿ ಇಡುತ್ತೇವೆ. ಮಂದ ಬೆಳಕು, ಒದ್ದೆ ಕೈ ಮೊದಲೇ ಇದ್ದವು. ಇವತ್ತು ಗಂಡನನ್ನೂ ಸೇರಿಸಿದೆವು."

ಆಕೆ 'ಗಂಡ' ಎಂದಳೋ, 'ಮನೆಯವರು' ಎಂದಳೋ, ಈಗ ಖಚಿತವಿಲ್ಲ. ಸುಮತಿಗೆ ಖಚಿತವಿದೆ.

ಗುಂಡಿಯನ್ನು ಸಡಿಲ ಮಾಡಿ, ಮತ್ತೆ ಪರೀಕ್ಷಿಸಿ, ಒಪ್ಪಿಗೆ ಪಡೆದು ಪೆನ್ನು ಅಂಗಡಿಗೆ ಬರಲು ಬಹಳ ಕಾಲ ಬೇಕಂತೆ. ಬಾಣಂತನ ಅಷ್ಟು ದಿನ ಕಾಯುವುದಿಲ್ಲ. ಬಸ್ಸಿನಲ್ಲಿ ಸುಮತಿ ತೀರ್ಪು ಕೊಟ್ಟಳು: "ಎಂತ ಮಾಡುದ್? ನೀವೂ ಬೈಂದೂರಿಗೆ ಬನಿ. ಬೆಳಿಗ್ಗೆ ಚುಚ್ಚಿ, ಮತ್ತೆ ಹೊರಗೆ ಕೂಕಣಿ. ಒಳಗೆ ಬಪ್ಪುದ್ ಬ್ಯಾಡ."

ಬಂದಿದ್ದೇನೆ. ಚುಚ್ಚಿಯಾಯಿತು. ಹೊರಗೆ ಕೂತಿದ್ದೇನೆ.