ಒರಿಜಿನಲ್ ವಿಂಡೋಸ್ ಮತ್ತು ಹಸಿರು ಗುಡ್ಡ

ಹಳೇ ಕಂಪ್ಯೂಟರಿಗೆ ಹೊಸ ವಿಂಡೋಸ್ ಹಾಕೋ ಕೆಲಸಕ್ಕೆ ಇಳಿದವನಿಗೆ ನಗೋದಕ್ಕೆ ಬೇರೆ ಕಡೆ ಹೋಗಬೇಕಿಲ್ಲ. ವಿಂಡೋಸ್ ಎಕ್ಸ್‌ಪಿ ಬಂದ ಹೊಸತು. ಚಿತ್ರದುರ್ಗದಲ್ಲಿ ನಂದೊಂದು ರಿಪೇರಿ ಅಂಗಡಿ. ‘ಇಲ್ಲಿ ಒರಿಜಿನಲ್ ಮಾತ್ರ’ ಅಂತ ಬೋರ್ಡು ಬರೆಸಿದ್ದೆ. ಅಂಗಡಿ ನಿಂತಿದ್ದೇ ಆ ಮಾತಿನ ಮೇಲೆ. ಮುಂದಿನದೆಲ್ಲ ನಿಜ, ಹೆಚ್ಚುಕಮ್ಮಿ ಇದ್ದರೆ ಕಥೆಗೆ ಬೇಕಾದಷ್ಟೇ.

೧. ರಾಹುಕಾಲ

ಹಿರಿಯೂರಿನ ಜೆರಾಕ್ಸ್ ಅಂಗಡಿಯವರು ಒಳ್ಳೇ ಗಳಿಗೆ ನೋಡಿ, ಮಾನಿಟರಿಗೆ ಕುಂಕುಮ ಇಟ್ಟು ಇನ್‌ಸ್ಟಾಲ್ ಶುರು ಮಾಡಿಸಿದರು. ಯಂತ್ರ ಎಷ್ಟು ಹಳೇದು ಅಂದ್ರೆ, ಅರ್ಧ ಆಗೋ ಹೊತ್ತಿಗೆ ರಾಹುಕಾಲ ಬಂತು.

“ನಿಲ್ಸ್ರಿ.”

“ಮಧ್ಯ ನಿಲ್ಸಂಗಿಲ್ಲ ಸಾರ್. ಹಳೇದು ಹೋಗೈತೆ, ಹೊಸದು ಇನ್ನೂ ಕುಂತಿಲ್ಲ.”

ಅವರು ಪ್ಲಗ್ಗೇ ಕಿತ್ತರು. “ಅರ್ಧ ಒಳ್ಳೇ ಟೈಮಲ್ಲಿ ಆಗೈತಲ್ಲ. ಇನ್ನರ್ಧ ನಾಳೆ ಹಾಕ್ರಿ.”

ಮರುದಿನ ಯಂತ್ರ ಕಣ್ಣೇ ಬಿಡಲಿಲ್ಲ. ರಾಹು ತಪ್ಪಿಸಿಕೊಂಡ, ಕೆಟ್ಟ ಹೆಸರು ನನಗೆ ಬಂತು.

೨. ಗುಡ್ಡ

ಸುದ್ದಿ ಹೊಳಲ್ಕೆರೆಗೂ ಮುಟ್ಟಿತ್ತು. ಅಲ್ಲಿ ಲಗ್ನಪತ್ರಿಕೆ ಅಚ್ಚು ಹಾಕೋ ಪ್ರೆಸ್ಸಿನವರು ಮೊದಲೇ ಹೇಳಿದರು: “ಲಗ್ನದ ಸೀಸನ್ನು. ಹಿರಿಯೂರಲ್ಲಿ ಮಾಡ್ದಂಗೆ ಮಾಡಿದ್ರೆ ನಿಮ್ಮ ಬೋರ್ಡು ಇಳಿಸ್ತೀನಿ.”

ಅವರ ಯಂತ್ರಕ್ಕೆ ಹೊಸದನ್ನು ಹೊರೋ ಶಕ್ತಿಯೇ ಇರಲಿಲ್ಲ. ಅವರು ಊಟಕ್ಕೆ ಹೋದಾಗ ಹಳೇ ವಿಂಡೋಸ್ ತೊಂಬತ್ತೆಂಟನ್ನೇ ಒಳಗಿಟ್ಟು, ಬೇಡದ ಫೈಲು ಗುಡಿಸಿ, ಪರದೆಗೆ ಎಕ್ಸ್‌ಪಿಯ ಹಸಿರು ಗುಡ್ಡದ ಚಿತ್ರ ಹಾಕಿದೆ. ಎಕ್ಸ್‌ಪಿ ಶುರುವಾಗೋವಾಗ ಬರೋ ರಾಗಾನೂ ಸೇರಿಸಿದೆ.

ಬಂದು ನೋಡಿದರು. “ಮಳೆಗಾಲದಾಗೆ ರಾಮಗಿರಿ ಗುಡ್ಡ ಹಿಂಗೇ ಕಾಣ್ತೈತೆ.” ಮೌಸ್ ಆಡಿಸಿದರು. “ಹೊಸದು ಹೊಸದೇ ಬಿಡ್ರಿ. ಹಳೇದಕ್ಕೆ ಈ ಸ್ಪೀಡ್ ಎಲ್ಲಿತ್ತು?”

೩. ತಜ್ಞರು

ಪ್ರೆಸ್ಸಿನವರ ಮಾತು ಕೇಳಿ ಹೊಸದುರ್ಗದಿಂದ ಅವರ ಭಾವ ಬಂದರು, ಕಾಲೇಜು ಮೇಷ್ಟ್ರು. ಇವರ ಯಂತ್ರ ಹೊಸದನ್ನು ಹೆಂಗೋ ತಡೀತಿತ್ತು. ನಿಜವಾದ ಎಕ್ಸ್‌ಪಿಯನ್ನೇ ಹಾಕಿಕೊಟ್ಟೆ. ಸ್ವಿಚ್ ಒತ್ತಿ ಟೀ ಕುಡಿದು ಬಂದರೂ ಅದು ಎದ್ದಿರುತ್ತಿರಲಿಲ್ಲ.

ಸ್ವಲ್ಪ ದಿನಕ್ಕೆ ಭಾವ-ಭಾವಮೈದ ಇಬ್ಬರೂ ಮೇಷ್ಟ್ರ ಕಂಪ್ಯೂಟರ್ ಡಬ್ಬಾ ಹೊತ್ತು ಅಂಗಡಿಗೇ ಬಂದರು. ಅಂಗಡಿ ತುಂಬ ಗಿರಾಕಿಗಳು. ಆನ್ ಮಾಡಿದೆವು. ಎಲ್ಲರೂ ಕಾದರು.

ಪ್ರೆಸ್ಸಿನವರು ತಜ್ಞರ ಥರ ಬಗ್ಗಿ ನೋಡಿದರು. “ಗುಡ್ಡ ಅದೇ. ಆದ್ರೆ ಒರಿಜಿನಲ್ ಇಷ್ಟು ನಿಧಾನ ಇರಲ್ಲ. ಭಾವ, ನಿಮಗೆ ಡೂಪ್ಲಿಕೇಟ್ ಹಾಕ್ಯಾರೆ.”

ಮೇಷ್ಟ್ರು ನನ್ನ ಕಡೆ ತಿರುಗಿದರು. “ಏನಪ್ಪ, ಆ ಬೋರ್ಡು ಯಾಕೆ ಹಾಕ್ಕಂಡಿದ್ದೀಯ?”

ನಿಜ ಹೇಳಿದರೆ ಬೋರ್ಡು ಇಳಿಯುತ್ತೆ, ಇಳಿಸೋರು ಎದುರಿಗೇ ನಿಂತವ್ರೆ. “ತಪ್ಪಾಯ್ತು ಸಾರ್, ಸೀಡಿ ಬದಲಾಗೈತೆ” ಅಂದೆ. ಅವರ ಕಣ್ಣೆದುರೇ ಒರಿಜಿನಲ್ಲನ್ನು ಅಳಿಸಿ, ತೊಂಬತ್ತೆಂಟು ಹಾಕಿ, ಗುಡ್ಡ ಅಂಟಿಸಿದೆ. ಯಂತ್ರ ಕುದುರೆ ಥರ ಓಡಿತು.

“ಈಗ ಬಂತು ನೋಡು ಒರಿಜಿನಲ್” ಅಂದರು ಮೇಷ್ಟ್ರು.

ಅವತ್ತಿಂದ ಎಲ್ಲರೂ ಕೇಳಿದ್ದು ಅದನ್ನೇ. ಕೊನೆಗೆ ಹಿರಿಯೂರಿನ ಜೆರಾಕ್ಸಿನವರೂ ಬಂದರು, ಕುಂಕುಮದ ಡಬ್ಬಿ ಸಮೇತ.

“ನಂಗೂ ಆ ಒರಿಜಿನಲ್ಲೇ ಹಾಕ್ರಿ. ರಾಹುಕಾಲ ಬರೋದ್ರೊಳಗೆ ಮುಗೀತೈತಂತಲ್ಲ.”