ವ್ಯಾನಿನ ಬ್ಯಾಟರಿಗೆ ಕಬ್ಬಿಣದ ಪೆಟ್ಟಿಗೆ

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಹನ್ನೆರಡು ವರ್ಷ ಬೆವರು ಸುರಿಸಿದವನಿಗೆ ಒಂದು ಬ್ಯಾಟರಿ ಪೆಟ್ಟಿಗೆ ಮಾಡಲು ಬರುವುದಿಲ್ಲವೇ? ಬರುತ್ತದೆ ಎಂದೇ ನಾನು ನಂಬಿದ್ದೆ. ಅದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ!

ಮಿಲಿಟರಿಯವರು ಹರಾಜು ಹಾಕಿದ ಹಳೆಯ ವ್ಯಾನೊಂದನ್ನು ಕೊಂಡಿದ್ದೆ. ಸಂಸಾರ ಸಮೇತ ಊರೂರು ಸುತ್ತುವ ಯೋಜನೆ. ಹಿಂದೆ ಮಲಗಲು ಹಲಗೆ ಕೂರಿಸಿದೆ. ಡ್ರೈವರ್ ಪಕ್ಕದ ಸೀಟು ಕಿತ್ತು ಸ್ಟೌವಿಗೆ ಗೂಡು ಮಾಡಿದೆ. ಹಲಗೆಯ ಕೆಳಗೆ ಬ್ಯಾಟರಿ ಇಡುವ ಮರದ ಪೆಟ್ಟಿಗೆ ಮಾತ್ರ ಆಸಿಡ್ ಸೋರಿ ಲಡ್ಡು ಹಿಡಿದಿತ್ತು.

ಶಿವಮೊಗ್ಗದ ರವೀಂದ್ರನಗರದಲ್ಲಿರುವ ನನ್ನ ಹೆಂಡತಿಯ ತಮ್ಮ ರುದ್ರೇಶ ಇದನ್ನು ಕೇಳಿ, ಬಸ್ಸಿನ ಮೇಲೆ ಹಾಕಿಸಿ ಒಂದು ಸಾಗುವಾನಿ ಪೆಟ್ಟಿಗೆ ಕಳಿಸಿದ. ಜೊತೆಗೊಂದು ಚೀಟಿ: "ಭಾವ, ಬ್ಯಾಟರಿಗೆ ಮರವೇ ಸೈ. ಕಬ್ಬಿಣ ಬೇಡ."

ಭದ್ರಾವತಿಯವನಿಗೆ ಕಬ್ಬಿಣ ಬೇಡವಂತೆ! ಯಾರಿಗೆ ಹೇಳುತ್ತಿದ್ದಾನೆ ಇವನು? ಅವತ್ತೇ ತಗಡು ತಂದೆ, ಕತ್ತರಿಸಿದೆ, ರಿವೆಟ್ ಹೊಡೆದೆ, ಹಸಿರು ಬಣ್ಣ ಬಳಿದೆ. ಮುಚ್ಚಳವೂ ಕಬ್ಬಿಣದ್ದೇ. ಬ್ಯಾಟರಿಗೂ ಮುಚ್ಚಳಕ್ಕೂ ನಡುವೆ ಒಂದು ಬೆರಳಷ್ಟೂ ಜಾಗ ಬಿಡಲಿಲ್ಲ. ಅದನ್ನೇ ಜಾಣತನ ಎಂದುಕೊಂಡಿದ್ದೆ. ರುದ್ರೇಶನ ಪೆಟ್ಟಿಗೆಯಲ್ಲಿ ಗಿರಿಜೆ, ಅಂದರೆ ನನ್ನ ಹೆಂಡತಿ, ಮಗುವಿನ ಕುಲಾವಿ, ಬೆಳ್ಳಿ ಕಡಗ ಇಟ್ಟುಕೊಂಡಳು.

ಮಗು ರುದ್ರೇಶನದೇ, ಮೊದಲನೆಯದು. ಕುಂಸಿಯಲ್ಲಿ ಅವನ ಮಾವನ ಮನೆಯಲ್ಲಿ ಹನ್ನೊಂದು ಗಂಟೆಗೆ ತೊಟ್ಟಿಲ ಶಾಸ್ತ್ರ. ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ ಗಿರಿಜೆ. ವಾರದಿಂದ ಆ ಹೆಸರನ್ನು ತನ್ನಷ್ಟಕ್ಕೇ ಗುನುಗುತ್ತಿದ್ದಳು, ನನಗೂ ಬಾಯಿಬಿಟ್ಟಿರಲಿಲ್ಲ.

ಅವತ್ತು ಭದ್ರಾವತಿಯ ಓಲ್ಡ್ ಟೌನಿನಿಂದ ಬೆಳಿಗ್ಗೆಯೇ ಹೊರಟೆವು. ಗಿರಿಜೆ ಹಲಗೆಯ ಮೇಲೆ ಕೂತಳು. ಚಟ್! ವ್ಯಾನ್ ನಿಂತಿತು. ಗಾಬರಿಯಿಂದ ಎದ್ದಳು. ಸ್ಟಾರ್ಟ್ ಮಾಡಿದೆ, ಹೊರಟಿತು. ಕೂತಳು. ನಿಂತಿತು!

"ನಿನ್ನ ಭಾರಕ್ಕೆ ಹಲಗೆ ಬಗ್ಗಿ, ಮುಚ್ಚಳ ಕುಸಿದು ಬ್ಯಾಟರಿ ಟರ್ಮಿನಲ್ಲಿಗೆ ತಾಗ್ತಿದೆ ಮಾರಾಯ್ತಿ!"

"ನನ್ನ ಭಾರಾನಾ? ಮುಚ್ಚಳ ಮಾಡಿದ್ದು ಯಾರು?"

ರೇಷ್ಮೆ ಸೀರೆ ಉಟ್ಟ ಹೆಂಗಸು ಶಿವಮೊಗ್ಗ ದಾಟುವವರೆಗೂ ನಿಂತೇ ಬಂದಳು. ಆಮೇಲೊಂದು ಗುಂಡಿ ಬಂತು. ಅದು ರಸ್ತೆಯ ತಪ್ಪು, ನನ್ನದಲ್ಲ! ಅವಳು ದೊಪ್ಪನೆ ಕೂತಳು. ಹೊಗೆ ಎದ್ದಿತು. ಈ ಸಲ ಅವಳು ಎದ್ದರೂ ವ್ಯಾನ್ ಏಳಲಿಲ್ಲ.

ಲಾರಿಯವನೊಬ್ಬ ನಿಲ್ಲಿಸಿ ಬಗ್ಗಿ ನೋಡಿದ. "ಏನ್ ಸ್ವಾಮಿ, ಕಬ್ಬಿಣದ ಮುಚ್ಚಳ ಹಾಕಿದೀರಾ! ಬ್ಯಾಟರೀನ ಮರದ ಪೆಟ್ಟಿಗೇಲಿ ಇಡಿ, ನಾನು ತಳ್ಳಿ ಸ್ಟಾರ್ಟ್ ಮಾಡಿಸ್ತೀನಿ."

ಗಿರಿಜೆ ಸಾಗುವಾನಿ ಪೆಟ್ಟಿಗೆ ಖಾಲಿ ಮಾಡಿ ಮುಂದೆ ಹಿಡಿದಳು.

"ಅದನ್ನ ಒಳಗಿಡು!" ಎಂದು ಗುಡುಗಿದೆ. ಲಾರಿಯವನು ನಮ್ಮಿಬ್ಬರನ್ನೂ ನೋಡಿ ಹೊರಟೇಹೋದ.

ಅಷ್ಟರಲ್ಲಿ ಸಾಗರದ ಕಡೆಯ ಬಸ್ ಬಂತು. "ರೀ, ನಾನು ಇದಕ್ಕೇ ಹೋಗ್ತೀನಿ. ಹತ್ತು ಗಂಟೆ ಆಯ್ತು."

"ಐದೇ ನಿಮಿಷ! ನನ್ನ ಕೆಲಸದ ಮೇಲೆ ನಂಬಿಕೆ ಇಲ್ವಾ?"

ಪಾಪ, ನಂಬಿದಳು. ಬಸ್ ಹೋಯಿತು. ನಾನು ಎಂಜಿನ್ನಿಗೆ ಹ್ಯಾಂಡಲ್ ಹಾಕಿ ತಿರುಗಿಸಿದೆ; ಅದು ಹಿಂದಕ್ಕೆ ಒದ್ದು ಮುಂಗೈ ಊದಿತು. ಬ್ಯಾಟರಿ ಎತ್ತಿದೆ, ಆಸಿಡ್ ಚೆಲ್ಲಿ ಪಂಚೆಗೆ ತೂತು ಬಿತ್ತು. ಸಿಟ್ಟಿನಲ್ಲಿ ಕಬ್ಬಿಣದ ಪೆಟ್ಟಿಗೆಗೆ ಒದ್ದೆ, ಕಾಲ್ಬೆರಳೂ ಊದಿತು. ಪೆಟ್ಟಿಗೆಗೆ ಏನೂ ಆಗಲಿಲ್ಲ. ಕೆಲಸ ಅಷ್ಟು ಗಟ್ಟಿ!

ವ್ಯಾನನ್ನು ಅಲ್ಲೇ ಬಿಟ್ಟು, ಸಾಗುವಾನಿ ಪೆಟ್ಟಿಗೆ ಹಿಡಿದು ಮುಂದಿನ ಬಸ್ಸಿನಲ್ಲಿ ಕುಂಸಿ ತಲುಪಿದಾಗ ಒಂದು ಗಂಟೆ. ರುದ್ರೇಶ ತಲೆ ತಗ್ಗಿಸಿ ಬಂದ. "ಮುಹೂರ್ತ ಮೀರ್ತಿತ್ತು ಅಕ್ಕ. ನನ್ನ ನಾದಿನಿ ಕೈಲಿ ಹೆಸರು ಹೇಳಿಸಿಬಿಟ್ವಿ."

ಗಿರಿಜೆ ಬೈದಿದ್ದರೆ ತಿರುಗಿ ಬೈಯಲು ನಾನು ಸಿದ್ಧನಿದ್ದೆ. ಬೈಯಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, ಮಗುವಿಗೆ ಕುಲಾವಿ ಕಟ್ಟಿ, ತೊಟ್ಟಿಲಿಗೆ ಬಗ್ಗಿ ಕಿವಿಯಲ್ಲಿ ಏನೋ ಹೇಳಿದಳು.

"ಹೆಸರು ಇಟ್ಟಾಯ್ತಲ್ಲ, ಮತ್ತೇನು ಹೇಳ್ದೆ?" ಎಂದೆ.

"'ನಿನ್ನ ಮಾವ ಐದೇ ನಿಮಿಷ ಅಂದ್ರೆ, ನೀನು ಬಸ್ ಹತ್ತಿಬಿಡು ಪುಟ್ಟಿ' ಅಂದೆ."

ಮನೆಯವರೆಲ್ಲ ನಕ್ಕರು. ಗಿರಿಜೆ ನಗಲಿಲ್ಲ. ರಸ್ತೆಯ ಮೇಲೆ, ಲಾರಿಯವನ ಮೇಲೆ, ರುದ್ರೇಶನ ಮೇಲೆ ಇದ್ದ ನನ್ನ ಸಿಟ್ಟೆಲ್ಲ ತಿರುಗಿ ಒಬ್ಬನ ಮೇಲೇ ಬಂತು. ಅವನೋ, ತೂತು ಬಿದ್ದ ಪಂಚೆಯಲ್ಲಿ ಬಾಗಿಲ ಬಳಿ ನಿಂತಿದ್ದ.

ಸಂಜೆ ವಾಪಸ್ ಹೊರಟಾಗ ಬಸ್ಸನ್ನು ಎಲ್ಲರಿಗಿಂತ ಮೊದಲು ಹತ್ತಿದವನು ನಾನೇ. ತೊಡೆಯ ಮೇಲೆ ಖಾಲಿ ಸಾಗುವಾನಿ ಪೆಟ್ಟಿಗೆ ಇತ್ತು!