ಆಂಜನಮ್ಮನ ದನಿ ಯಾರ ಸ್ವತ್ತು?

ಪಾಷಾ: ಕಾಪಿ ಅನ್ನೋ ಮಾತು ಮಾತ್ರ ನಮ್ಮಂಗಡೀಲಿ ಎತ್ಬೇಡಿ ಸಾರ್. ಬೇಕಾದ್ರೆ ನಾಲ್ಕು ಬೈದ್ಬಿಡಿ, ಕೇಳಿಸ್ಕೊತೀನಿ.

ಮುನಿರಾಜ್: ಅಲ್ಲ ಭಾಯ್, ಒಂದು ಹಳೇ ಫ್ಲಾಪೀನ ಸೀಡಿಗೆ ಹಾಕ್ಕೊಡಿ ಅಂದ್ರೆ ಕಿಡ್ನಿ ಕೇಳ್ದಂಗೆ ಆಡ್ತಿದೀರಲ್ಲ!

ಪಾಷಾ: ಕಿಡ್ನಿ ಎರಡಿದೆ, ಒಂದು ಕೊಡ್ಬೋದು. ಅಂಗಡಿ ಇರೋದು ಒಂದೇ.

ಶಿವಾಜಿನಗರ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಚಾಂದ್ ಪಾಷಾ ಒಂದು ಕಾಲಕ್ಕೆ ಹೀಗೆಲ್ಲ ಮಾತಾಡುವ ಆಸಾಮಿಯೇ ಅಲ್ಲ. ಕೇಳಿದವರಿಗೆ ಕೇಳಿದ್ದನ್ನು, ಕೇಳದವರಿಗೂ ಒಂದೆರಡನ್ನು ಕಾಪಿ ಮಾಡಿ ಕೊಟ್ಟ ಧಾರಾಳಿ. ಹೋದ ವರ್ಷ, ಅಂದರೆ ಎರಡು ಸಾವಿರದ ಮೂರರಲ್ಲಿ, ಕಳ್ಳ ಕಾಪಿ ಹಿಡಿಯಲು ದಾಳಿಗೆ ಬಂದ ಪೊಲೀಸರು ಸೀಡಿಗಳ ಜೊತೆಗೆ ಮೌಸಿನ ಕೆಳಗೆ ಹಾಸಿದ್ದ ರಬ್ಬರ್ ಚೂರನ್ನೂ ಸಾಕ್ಷ್ಯವೆಂದು ಹೊತ್ತೊಯ್ದ ಮೇಲೆ ಅವನಿಗೆ ಕಾನೂನಿನ ಮೇಲೆ ಇನ್ನಿಲ್ಲದ ಭಕ್ತಿ ಹುಟ್ಟಿತು. ಮೊನ್ನೆ ಯಾರೋ ಮದುವೆ ಫೋಟೊಗಳನ್ನು ಸೀಡಿಗೆ ಹಾಕಿಸಲು ಬಂದರೆ, ಗಂಡು ಹೆಣ್ಣು ಫೋಟೊದವನು ಮೂವರನ್ನೂ ಕರೆತನ್ನಿ ಎಂದು ಸಾಗಹಾಕಿದ್ದ.

ಮುನಿರಾಜ್: ಇದು ನಾನೇ ಬರೆದ ಆಟ ರೀ! ಕಂಪ್ಯೂಟರಲ್ಲಿ ಆಡೋ ಚೌಕಾಬಾರ. ತೊಂಬತ್ತಾರರಲ್ಲಿ ಇಂದಿರಾನಗರದ ಒಂದು ಕಂಪನೀಲಿದ್ದಾಗ ಬರೆದಿದ್ದು.

ಪಾಷಾ: ಸಂಬಳ ತಗೊಂಡು ಬರೆದ್ರಾ, ಸುಮ್ನೆ ಬರೆದ್ರಾ?

ಮುನಿರಾಜ್: ಸುಮ್ನೆ ಯಾರು ಬರೀತಾರೆ?

ಪಾಷಾ: ಹಂಗಾದ್ರೆ ಅದು ನಿಮ್ದಲ್ಲ. ಏನಂತೀರಾ ಲಾಯರ್ ಸಾರ್?

ಮೂಲೆಯ ಕುರ್ಚಿಯಲ್ಲಿ ಕಣ್ಮುಚ್ಚಿ ಕೂತಿದ್ದ ವಕೀಲ ಹಂಪಣ್ಣ ಒಂದು ಕಣ್ಣು ಬಿಟ್ಟರು. ಅವರ ಕಚೇರಿ ಮಹಡಿಯ ಮೇಲೆ; ಫ್ಯಾನು ಮಾತ್ರ ಪಾಷಾನ ಅಂಗಡಿಯಲ್ಲಿ. ಹೀಗಾಗಿ ಅವರ ವಕೀಲಿಯೆಲ್ಲ ಇಲ್ಲಿಯೇ ನಡೆಯುತ್ತಿತ್ತು.

ಹಂಪಣ್ಣ: ಅನುಮಾನವೇ ಬೇಡ. ಅಡುಗೆ ಭಟ್ಟರು ಮಾಡಿದ ಹೋಳಿಗೆ ಮದುವೆ ಮನೆಯವರದ್ದು.

ಮುನಿರಾಜ್: ಮದುವೆ ಮನೇನೇ ಮುಚ್ಚೋಯ್ತಲ್ಲ ಸಾರ್! ಕಂಪನಿ ಈಗಿಲ್ಲ.

ಹಂಪಣ್ಣ: ಕೊಂಡೋರು ಯಾರಾದ್ರೂ ಇರ್ಬೇಕಲ್ಲ?

ಮುನಿರಾಜ್: ಇದಾರೆ. ಒಂದು ಉಪ್ಪಿನಕಾಯಿ ಕಂಪನಿ. ಅವ್ರು ಕೊಂಡಿದ್ದು ಸೈಟಿಗೋಸ್ಕರ. ಸೈಟಿನ ಜೊತೆ ಬೋರ್‌ವೆಲ್ಲು, ತೆಂಗಿನಮರ, ನನ್ನ ಚೌಕಾಬಾರ, ಎಲ್ಲಾ ಹೋಯ್ತು.

ಪಾಷಾ: ಅವ್ರನ್ನ ಒಂದ್ಮಾತು ಕೇಳ್ಬಿಡಿ ಮತ್ತೆ.

ಮುನಿರಾಜ್: ಫೋನ್ ಮಾಡ್ದೆ. ಅಂಥ ಆಟ ನಮ್ಮಲ್ಲಿಲ್ಲ ಅಂದ್ರು. ಇಲ್ಲಾಂದ್ರೆ ನಾನು ಕಾಪಿ ಮಾಡ್ಕೊತೀನಿ ಅಂದೆ. ಇಲ್ದೇ ಇದ್ರೂ ಅದು ನಮ್ದೇ, ಮುಟ್ಟಿದ್ರೆ ಕೇಸ್ ಹಾಕ್ತೀವಿ ಅಂದ್ರು!

ಹಂಪಣ್ಣ: ಒಳ್ಳೇ ವಕೀಲರನ್ನ ಇಟ್ಕೊಂಡಿದಾರೆ.

ಪಾಷಾ: ಈ ಹಕ್ಕು ಅನ್ನೋದು ಯಾವತ್ತಿಗೂ ಮುಗಿಯೋದೇ ಇಲ್ವಾ ಸಾರ್?

ಹಂಪಣ್ಣ: ಮುಗಿಯುತ್ತೆ. ಬರೆದವರು ತೀರಿಕೊಂಡು ಅರವತ್ತು ವರ್ಷ ಆದ್ಮೇಲೆ ಯಾರು ಬೇಕಾದ್ರೂ ಕಾಪಿ ಮಾಡ್ಕೊಬೋದು.

ಮುನಿರಾಜ್: ಬರೆದೋನು ನಾನೇ ಅಲ್ವೇನ್ರೀ!

ಪಾಷಾ: ಅದಕ್ಕೇ ಹೇಳ್ತಿರೋದು ಸಾರ್, ಅವಸರ ಮಾಡ್ಬೇಡಿ ಅಂತ.

ಮುನಿರಾಜ ಫ್ಲಾಪಿಯನ್ನು ಮೇಜಿನ ಮೇಲಿಟ್ಟು ಸ್ಟೂಲಿನ ಮೇಲೆ ಕುಸಿದ. ಇಷ್ಟು ಹೊತ್ತು ಜಗಳವಾಡುತ್ತಿದ್ದವನ ದನಿ ಇಳಿಯಿತು.

ಮುನಿರಾಜ್: ಆಟ ಹಾಳಾಗ್ಹೋಗ್ಲಿ ಭಾಯ್. ಇದ್ರಲ್ಲಿ ನಮ್ಮಮ್ಮ ಮಾತಾಡಿದಾರೆ. ಸೋತೋರಿಗೆ ಆಟ ಏನಾದ್ರೂ ಹೇಳ್ಬೇಕಿತ್ತು. ಮಾತಾಡೋರನ್ನ ಕರೆಸೋಕೆ ಕಂಪನಿಗೆ ಗತಿ ಇರ್ಲಿಲ್ಲ. ಅಮ್ಮ ಕೆ.ಆರ್. ಪುರದಿಂದ ಬಸ್ಸಲ್ಲಿ ಊಟದ ಕ್ಯಾರಿಯರ್ ತಂದಿದ್ರು, ಮೈಕ್ ಹಿಡಿದ್ಬಿಟ್ಟೆ. ಹೋದ ವರ್ಷ ತೀರ್ಕೊಂಡ್ರು. ಫೋಟೊ ಬೇಕಾದಷ್ಟಿದೆ. ದನಿ ಇರೋದು ಇದೊಂದ್ರಲ್ಲೇ.

ಹಾಳು ದಾಳಿಯೊಂದು ಆಗದಿದ್ದರೆ ಇಷ್ಟು ಹೊತ್ತಿಗೆ ಹತ್ತು ಕಾಪಿ ಮಾಡಿ ಇವನ ಕೈಗಿಡುತ್ತಿದ್ದೆನಲ್ಲ ಎಂದು ಪಾಷಾನಿಗೆ ಸಂಕಟವಾಯಿತು.

ಪಾಷಾ: ಲಾಯರ್ ಸಾರ್, ದನಿಯಾದ್ರೂ ಅವ್ರಮ್ಮಂದು ಅಲ್ವಾ?

ಹಂಪಣ್ಣ: ದನಿ ಅಮ್ಮಂದು. ರೆಕಾರ್ಡಿಂಗ್ ಕಂಪನೀದು.

ಮುನಿರಾಜ್: ಅಂದ್ರೆ ನಮ್ಮಮ್ಮ ಆಂಜನಮ್ಮ ಈಗ ಉಪ್ಪಿನಕಾಯಿಯವರ ಆಸ್ತೀನಾ?

ಹಂಪಣ್ಣ: ಮಾತಾಡಿರೋಷ್ಟರ ಮಟ್ಟಿಗೆ, ಹೌದು. ತಡೀರಿ, ಒಂದು ದಾರಿ ಇದೆ. ಸಕ್ರಮವಾಗಿ ಕೊಂಡು ಇಟ್ಕೊಂಡಿರೋರು, ಹಾಳಾಗ್ದೇ ಇರ್ಲಿ ಅಂತ ತಮಗೋಸ್ಕರ ಒಂದು ಕಾಪಿ ಮಾಡಿಟ್ಕೊಬೋದು. ನೀವು ಇದನ್ನ ಎಲ್ಲಿ ಕೊಂಡ್ರಿ?

ಮುನಿರಾಜ್: ಕೊಳ್ಳೋದಾ? ಕಂಪನಿ ಮುಚ್ಚಿದ ದಿನ ಜೇಬಿಗೆ ಹಾಕ್ಕೊಂಡ್ ಬಂದೆ.

ಹಂಪಣ್ಣ: ನಾನು ಈ ಮಾತು ಕೇಳಿಸ್ಕೊಳ್ಳಲಿಲ್ಲ.

ಪಾಷಾ: ಕಾಪಿ ಬೇಡ. ಹಾಕಿ ಒಂದ್ಸಲ ಕೇಳೋದು ತಪ್ಪಲ್ವಲ್ಲ?

ಫ್ಲಾಪಿಯನ್ನು ಒಳಗೆ ತಳ್ಳಿದ. ಯಂತ್ರ ಕರಕರ ಎಂದಿತು, ಕೆಮ್ಮಿತು, ಓದಲಾಗುತ್ತಿಲ್ಲ ಎಂದು ಪರದೆಯ ಮೇಲೆ ತೋರಿಸಿತು. ಒರೆಸಿ ಹಾಕಿದರೂ ಅದೇ, ಊದಿ ಹಾಕಿದರೂ ಅದೇ.

ಮುನಿರಾಜ್: ಹೋಯ್ತು. ಇಲ್ಲಿ ನೀವು ಕಾನೂನು ಮಾತಾಡ್ತಾ ಕೂತ್ರಿ, ಅಲ್ಲಿ ನಮ್ಮಮ್ಮ ಹೊರಟೋದ್ರು.

ಪಾಷಾ ಇನ್ನೊಂದು ಸ್ಟೂಲು ಹತ್ತಿ ಅಟ್ಟದಲ್ಲಿ ಕೈಯಾಡಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ಒಂದು ಡಬ್ಬಿ ಇಳಿಸಿದ. ಮೇಲೆ ಚೌಕಾಬಾರದ ಮನೆಗಳ ಚಿತ್ರವಿತ್ತು.

ಮುನಿರಾಜ್: ನಮ್ಮದೇ ಡಬ್ಬಿ! ನಿಮ್ಮ ಹತ್ರ ಹೆಂಗೆ?

ಪಾಷಾ: ಆಗ ಕೊಂಡಿದ್ದೆ ಸಾರ್. ನೂರು ಕಾಪಿ ಮಾಡ್ಬೇಕಾದ್ರೆ ಒಂದಾದ್ರೂ ಒರಿಜಿನಲ್ ಬೇಕಲ್ಲ.

ಮುನಿರಾಜ್: ಎಲಾ! ನಮ್ಮ ಕಂಪನಿ ಮುಳುಗಿದ್ದೇ ನಿಮ್ಮಂಥೋರಿಂದ!

ಪಾಷಾ: ಅಲ್ಲಾ ಆಣೆಗೂ ಇಲ್ಲ ಸಾರ್! ನನ್ನ ಕಾಪೀನೂ ಹೋಗ್ಲಿಲ್ಲ. ಕಂಪ್ಯೂಟರ್ ಕೊಂಡೋರಿಗೆ ಪುಕ್ಕಟೆ ಕೊಟ್ರೂ ಬೇಡ ಅಂದ್ರು.

ಕದ್ದದ್ದಕ್ಕಿಂತ ಈ ಮಾತೇ ಮುನಿರಾಜನನ್ನು ಹೆಚ್ಚು ನೋಯಿಸಿತು.

ಹಂಪಣ್ಣ: ಅದ್ಸರಿ, ದಾಳೀಲಿ ಇದು ಹೆಂಗೆ ಉಳೀತು?

ಪಾಷಾ: ಕಾಪಿ ಎಲ್ಲಾ ಬಾಚ್ಕೊಂಡು ಹೋದ್ರು. ಇದು ಒರಿಜಿನಲ್ಲು, ಇದರಲ್ಲಿ ತಪ್ಪೇನಿಲ್ಲ ಅಂತ ಬಿಟ್ಟೋದ್ರು.

ಹಂಪಣ್ಣ: ಭಲೇ! ಬರೆದವರು ಕದ್ದು ತಂದಿದಾರೆ, ಕಳ್ಳ ಕಾಪಿ ಮಾಡ್ದೋರು ದುಡ್ಡು ಕೊಟ್ಟು ತಂದಿದಾರೆ. ಸಾಬ್ರೇ, ಕಾನೂನಿನ ಕಣ್ಣಲ್ಲಿ ಇಲ್ಲಿ ಮರ್ಯಾದಸ್ಥರು ನೀವೊಬ್ರೇ!

ಈ ಸಲ ಡಬ್ಬಿಯೊಳಗಿನ ಫ್ಲಾಪಿ ತಕರಾರಿಲ್ಲದೆ ತಿರುಗಿತು. ಮುನಿರಾಜ ಆಡಲು ಕೂತ. ಅಮ್ಮ ಮಾತಾಡಬೇಕಾದರೆ ಅವನು ಸೋಲಬೇಕು. ಆದರೆ ತಾನೇ ಬರೆದ ಆಟ; ಎಷ್ಟು ಕೆಟ್ಟದಾಗಿ ಆಡಿದರೂ ಅವನ ಕಾಯಿಗಳು ಹಣ್ಣಾಗುತ್ತಲೇ ಇದ್ದವು.

ಪಾಷಾ: ಸೋಲಿ ಸಾರ್, ಸೋಲಿ! ಸ್ವಲ್ಪ ಮನಸ್ಸಿಟ್ಟು ಸೋಲಿ!

ಕಡೆಗೂ ಸೋತ. ಸ್ಪೀಕರು ಕೊಂಚ ಗೊರಗುಟ್ಟಿ, ಹೆಂಗಸೊಬ್ಬಳ ದನಿ ಹೊರಬಂತು: “ಸೋತ್ಯೇನೋ? ಹೋಗ್ಲಿ ಬಿಡು. ಮೊದ್ಲು ಊಟ ಮಾಡ್ಬಾ.”

ಮುನಿರಾಜ ಗಳಗಳನೆ ಅತ್ತುಬಿಟ್ಟ. ಪಾಷಾ ಫ್ಲಾಪಿಯನ್ನು ಡಬ್ಬಿಗೆ ಹಾಕಿ, ಡಬ್ಬಿಯನ್ನೇ ಅವನ ಕೈಗಿಟ್ಟ.

ಪಾಷಾ: ಒರಿಜಿನಲ್ಲೇ ತಗೊಂಡೋಗಿ. ಯಾವ ಕೇಸೂ ಇಲ್ಲ.

ಡಬ್ಬಿ ಕೊಟ್ಟನೇನೋ ನಿಜ, ಆದರೆ ಅದರ ಮೇಲಿದ್ದ ಅವನ ಕೈ ಬಿಡಲೇ ಇಲ್ಲ.

ಪಾಷಾ: ಸಾರ್... ನಂಗೂ ಒಂದು ಕಾಪಿ ಮಾಡ್ಕೊಳ್ಲಾ?

ಮುನಿರಾಜ್: ನೀವಾ ಕೇಳ್ತಿರೋದು?

ಪಾಷಾ: ನಮ್ಮ ಅಮ್ಮೀನೂ ಹಿಂಗೇ ಅಂತಿದ್ರು ಸಾರ್. ದಖ್ನಿ ಉರ್ದೂಲಿ.

ಇಬ್ಬರೂ ವಕೀಲರ ಮುಖ ನೋಡಿದರು. ಹಂಪಣ್ಣ ಎದ್ದು ಕರಿಕೋಟು ಕೊಡವಿ ತೋಳಿಗೆ ಹಾಕಿಕೊಂಡರು.

ಹಂಪಣ್ಣ: ನಾನು ಟೀ ಕುಡಿದ್ಕೊಂಡು ಬರ್ತೀನಿ. ನಾನಿಲ್ದಾಗ ಏನ್ ನಡೆಯುತ್ತೋ ನಂಗೇನ್ ಗೊತ್ತು?

ಹೊಸಿಲು ದಾಟಿದವರು ಮತ್ತೆ ತಲೆ ಒಳಗೆ ಹಾಕಿದರು.

ಹಂಪಣ್ಣ: ಹಾಕೋದು ಹಾಕ್ತೀರಿ, ಎರಡು ಹಾಕಿ. ಇವತ್ತೂ ಕೇಸು ಸೋತು ಬಂದಿದೀನಿ. ನಮ್ಮನೇಲಿ ಹಿಂಗೆ ಹೇಳೋರು ಯಾರೂ ಇಲ್ಲ.